ಬುಷ್ ಗಾರ್ಡನ್ಸ್ ಟ್ಯಾಂಪಾ: ಕೋಸ್ಟರೂ ಬೇಕು, ಪ್ರಾಣಿಗಳೂ ಬೇಕು ಅನ್ನುವವರಿಗೆ

ಫ್ಲೋರಿಡಾದ ಟ್ಯಾಂಪಾದಲ್ಲಿರುವ ಬುಷ್ ಗಾರ್ಡನ್ಸ್ ಅರ್ಧ ಮೃಗಾಲಯ, ಅರ್ಧ ರೋಲರ್ ಕೋಸ್ಟರ್ ಪಾರ್ಕ್. ಒಂದೇ ಗೇಟು, ಒಂದೇ ಟಿಕೆಟ್. ಇಲ್ಲಿಗೆ ಹೋಗುವ ಮುಂಚೆ ಒಂದು ವಿಷಯ ತಿಳಿದಿದ್ದರೆ ಇಡೀ ದಿನ ಸಲೀಸಾಗುತ್ತದೆ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಪ್ರಾಣಿಗಳು ಓಡಾಡಿಕೊಂಡಿರುತ್ತವೆ. ಕೋಸ್ಟರ್‌ಗಳ ಕ್ಯೂ ಚಿಕ್ಕದಾಗಿರುವುದೂ ಅದೇ ಹೊತ್ತಿನಲ್ಲಿ. ಎರಡನ್ನೂ ಒಟ್ಟಿಗೆ ಹಿಡಿಯಲು ಆಗಲ್ಲ. ಹಾಗಾಗಿ ಬೆಳಿಗ್ಗೆ ಯಾವುದಕ್ಕೆ, ಸಂಜೆ ಯಾವುದಕ್ಕೆ ಅಂತ ಮೊದಲೇ ಹಂಚಿಕೊಂಡು ಹೋಗಬೇಕು. ಹಂಚಿಕೊಳ್ಳದೆ ಹೋದವರು ಮಧ್ಯಾಹ್ನದ ಬಿಸಿಲಲ್ಲಿ ಮಲಗಿದ ಸಿಂಹವನ್ನು ಒಂದು ನಿಮಿಷ ನೋಡಿ, ಮುಂದೆ ಉದ್ದದ ಕ್ಯೂನಲ್ಲಿ ನಿಂತು, ಇಷ್ಟೇನಾ ಅಂದುಕೊಂಡು ವಾಪಸ್ ಬರುತ್ತಾರೆ.

ಈ ಜಾಗ ಶುರುವಾಗಿದ್ದು 1959ರಲ್ಲಿ. ಅನ್ಹೈಸರ್-ಬುಷ್ ಬಿಯರ್ ಕಂಪನಿ ತನ್ನ ಕಾರ್ಖಾನೆ ನೋಡಲು ಬರುವವರಿಗಾಗಿ ಪಕ್ಕದಲ್ಲೇ ಒಂದು ತೋಟ ಮಾಡಿ ಹಕ್ಕಿಗಳನ್ನು ಇಟ್ಟಿತ್ತು. ಆಗ ಪ್ರವೇಶ ಪುಕ್ಕಟೆ. ಆಮೇಲೆ ಆಫ್ರಿಕಾದ ಪ್ರಾಣಿಗಳು ಬಂದವು, ರೈಡ್‌ಗಳು ಬಂದವು. ಬರ್ಡ್ ಗಾರ್ಡನ್ಸ್ ಅನ್ನುವ ಭಾಗ ಆ ಹಳೇ ತೋಟದ್ದೇ. ದೊಡ್ಡ ಮರಗಳಿವೆ, ನೆರಳಿದೆ, ಜನ ಕಡಿಮೆ. ಮಧ್ಯಾಹ್ನ ಕೂರಲು ಒಂದು ಜಾಗ ಬೇಕಾದಾಗ ಇದನ್ನು ನೆನಪಿಸಿಕೊಳ್ಳಿ.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ, ವಾರದ ದಿನಗಳಲ್ಲಿ ಹೋಗುವುದು ಒಳ್ಳೆಯದು. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ ಮತ್ತು ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ದಿನಗಳನ್ನು ಬಿಟ್ಟುಬಿಡಿ. ಮಾರ್ಚ್‌ನಲ್ಲಿ ಸ್ಪ್ರಿಂಗ್ ಬ್ರೇಕ್ ಅನ್ನುವ ಶಾಲಾ ಕಾಲೇಜು ರಜೆ ಇರುವುದರಿಂದ ಹವೆ ಚೆನ್ನಾಗಿದ್ದರೂ ಜನ ಜಾಸ್ತಿ.

ಬೇಸಿಗೆ ರಜೆಯಲ್ಲೇ ಹೋಗಬೇಕಾದ ಪರಿಸ್ಥಿತಿ ಇದ್ದರೆ ಹೋಗಿ, ಆದರೆ ಟ್ಯಾಂಪಾದ ಮಳೆ ಗೊತ್ತಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ತೀರಾ ಸಾಮಾನ್ಯ. ಅಮೆರಿಕದಲ್ಲಿ ಅತಿ ಹೆಚ್ಚು ಸಿಡಿಲು ಬೀಳುವ ಪ್ರದೇಶಗಳಲ್ಲಿ ಅದೂ ಒಂದು. ಹತ್ತಿರದಲ್ಲಿ ಮಿಂಚು ಕಂಡರೆ ಹೊರಗಿನ ಎಲ್ಲ ರೈಡ್‌ಗಳನ್ನೂ ನಿಲ್ಲಿಸುತ್ತಾರೆ. ಹಾಗಾಗಿ ಬೇಸಿಗೆಯಲ್ಲಿ ಹೋಗುವವರು ನಿಮಗೆ ತುಂಬಾ ಮುಖ್ಯವಾದ ಕೋಸ್ಟರ್‌ಗಳನ್ನು ಮಧ್ಯಾಹ್ನ 1 ಗಂಟೆಯ ಒಳಗೆ ಮುಗಿಸಿಕೊಳ್ಳಿ.

ಟಿಕೆಟ್, ಪಾರ್ಕಿಂಗ್

ಗೇಟಿನಲ್ಲಿ ಟಿಕೆಟ್ ಕೊಳ್ಳಬೇಡಿ. ಪಾರ್ಕಿನ ವೆಬ್‌ಸೈಟಿನಲ್ಲಿ ಮೊದಲೇ ಕೊಂಡರೆ ಸಾಮಾನ್ಯವಾಗಿ ಕಡಿಮೆಗೆ ಸಿಗುತ್ತದೆ, ಆಗಾಗ ರಿಯಾಯಿತಿಯೂ ಇರುತ್ತದೆ. 2 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಟಿಕೆಟ್ ಬೇಡ. ಒಂದೇ ವರ್ಷದಲ್ಲಿ ಎರಡನೇ ಸಲ ಹೋಗುವ ಯೋಚನೆ ಇದ್ದರೆ ವಾರ್ಷಿಕ ಪಾಸಿನ ಬೆಲೆಯನ್ನೂ ಒಮ್ಮೆ ನೋಡಿ. ಕೆಲವು ಪಾಸುಗಳಲ್ಲಿ ಪಾರ್ಕಿಂಗ್ ಕೂಡ ಸೇರಿರುತ್ತದೆ, ಲೆಕ್ಕ ಹಾಕಿದರೆ ಅದೇ ಲಾಭ ಅನ್ನಿಸಬಹುದು.

ಕಾರ್ ನಿಲ್ಲಿಸುವ ಸಾಮಾನ್ಯ ಜಾಗ ಮೆಕಿನ್ಲಿ ಡ್ರೈವ್ ರಸ್ತೆಯ ಆಚೆ ಬದಿಗಿದೆ. ಅಲ್ಲಿಂದ ಗೇಟಿನವರೆಗೆ ಟ್ರಾಮ್ ಗಾಡಿ ಓಡಾಡುತ್ತದೆ. ಕಾರ್ ನಿಲ್ಲಿಸಿ, ಟ್ರಾಮ್ ಹತ್ತಿ, ಬ್ಯಾಗ್ ತಪಾಸಣೆ ಮುಗಿಸಿ, ಟಿಕೆಟ್ ತೋರಿಸಿ ಒಳಗೆ ಹೋಗುವ ಹೊತ್ತಿಗೆ ಅರ್ಧ ಗಂಟೆ ಸುಲಭವಾಗಿ ಹೋಗಿರುತ್ತದೆ. ಪಾರ್ಕ್ 10ಕ್ಕೆ ತೆರೆಯುತ್ತದೆ ಅಂದರೆ ನೀವು 9.15ಕ್ಕೆ ಕಾರ್ ನಿಲ್ಲಿಸಿರಬೇಕು. ಒರ್ಲ್ಯಾಂಡೋದಲ್ಲಿ ಉಳಿದುಕೊಂಡು ಬರುವವರು ಐ-4 ಹೆದ್ದಾರಿಯ ಬೆಳಗಿನ ಟ್ರಾಫಿಕ್ ಸೇರಿಸಿ ಒಂದೂವರೆ ಗಂಟೆಗೂ ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ. ಕಾರ್ ನಿಲ್ಲಿಸಿದ ಸಾಲಿನ ಬೋರ್ಡಿನ ಫೋಟೋ ತೆಗೆದುಕೊಳ್ಳಿ.

ಮಕ್ಕಳ ಎತ್ತರವನ್ನು ಮನೆಯಲ್ಲೇ ಅಳೆಯಿರಿ

ಇದನ್ನು ದಯವಿಟ್ಟು ಮಾಡಿ. ಇಷ್ಟು ಹೊತ್ತು ಕ್ಯೂನಲ್ಲಿ ನಿಂತು, ಕೊನೆಗೆ ಅಳತೆ ಕೋಲಿನ ಹತ್ತಿರ ಮಗುವನ್ನು ವಾಪಸ್ ಕಳಿಸಿದರೆ ಆ ಮಗುವಿನ ಮುಖ ನೋಡಲಾಗುವುದಿಲ್ಲ. ಶೂ ಹಾಕಿಸಿ ಅಳೆದು, ಯಾವುದಕ್ಕೆ ಹೋಗಬಹುದು, ಯಾವುದಕ್ಕೆ ಆಗಲ್ಲ ಅಂತ ಹಿಂದಿನ ದಿನವೇ ಹೇಳಿಬಿಡಿ.

ಅಲ್ಲಿ ಲೆಕ್ಕ ಇಂಚಿನಲ್ಲಿ. 42 ಇಂಚು, ಅಂದರೆ ಸುಮಾರು 107 ಸೆಂ.ಮೀ. ಇದ್ದರೆ ಕೋಬ್ರಾಸ್ ಕರ್ಸ್ ಮತ್ತು ಫೀನಿಕ್ಸ್ ರೈಸಿಂಗ್ ಅನ್ನುವ ಕೋಸ್ಟರ್‌ಗಳನ್ನು ಹತ್ತಬಹುದು. 48 ಇಂಚು, ಸುಮಾರು 122 ಸೆಂ.ಮೀ. ಆದರೆ ಚೀತಾ ಹಂಟ್ ಮತ್ತು ಐರನ್ ಗ್ವಾಜಿ. ಶೀಕ್ರಾ, ಮಾಂಟು, ಕುಂಬಾ, ಟೈಗ್ರಿಸ್ ಮತ್ತು ಫಾಲ್ಕನ್ಸ್ ಫ್ಯೂರಿಗೆ 54 ಇಂಚು ಬೇಕು, ಸುಮಾರು 137 ಸೆಂ.ಮೀ. ನಿಯಮ ಆಗಾಗ ಬದಲಾಗುವುದುಂಟು, ಹೋಗುವ ವಾರ ವೆಬ್‌ಸೈಟಿನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಚಿಕ್ಕ ಮಗು ಇದೆ, ಅಪ್ಪ ಅಮ್ಮ ಇಬ್ಬರಿಗೂ ಕೋಸ್ಟರ್ ಹತ್ತುವ ಆಸೆ ಇದೆ ಅಂದರೆ ಅದಕ್ಕೂ ದಾರಿ ಇದೆ. ರೈಡರ್ ಸ್ವಾಪ್ ಬೇಕು ಅಂತ ಕ್ಯೂ ಬಾಗಿಲಲ್ಲಿರುವ ಸಿಬ್ಬಂದಿಗೆ ಹೇಳಿ. ಒಬ್ಬರು ಹೋಗಿ ಬರುವ ತನಕ ಇನ್ನೊಬ್ಬರು ಮಗುವನ್ನು ನೋಡಿಕೊಳ್ಳುತ್ತಾರೆ. ಆಮೇಲೆ ಎರಡನೆಯವರು ಮತ್ತೆ ಪೂರ್ತಿ ಕ್ಯೂ ನಿಲ್ಲಬೇಕಾಗಿಲ್ಲ.

ಏನು ತಗೊಂಡು ಹೋಗಬೇಕು, ಏನು ಬೇಡ

ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ ಹಾಕಿಕೊಳ್ಳಿ. ಶೀಕ್ರಾಕ್ಕೆ ನೆಲವೇ ಇಲ್ಲ, ಮಾಂಟುವಿನಲ್ಲಿ ಕಾಲು ಗಾಳಿಯಲ್ಲಿ ತೂಗಾಡುತ್ತವೆ. ಸುಮ್ನೆ ಕಾಲಿಗೆ ಸಿಕ್ಕಿಸಿಕೊಂಡ ಹವಾಯಿ ಚಪ್ಪಲಿ ಅಲ್ಲಿ ನಿಲ್ಲುವುದಿಲ್ಲ. ಕನ್ನಡಕ ಹಾಕುವವರು ತಲೆಯ ಹಿಂದೆ ಕಟ್ಟುವ ದಾರ ತಂದುಕೊಳ್ಳಿ.

ಬ್ಯಾಗ್ ಚಿಕ್ಕದಿರಲಿ. ದೊಡ್ಡ ಕೋಸ್ಟರ್‌ಗಳಲ್ಲಿ ಫೋನ್, ಟೋಪಿ, ಕೀ ಏನನ್ನೂ ಕೈಯಲ್ಲಿ ಹಿಡಿಯುವ ಹಾಗಿಲ್ಲ. ಪಕ್ಕದಲ್ಲೇ ಬಾಡಿಗೆ ಲಾಕರ್‌ಗಳಿರುತ್ತವೆ, ಆದರೆ ರೈಡಿಗೊಂದು ಸಲ ದುಡ್ಡು ಕೊಡುತ್ತಾ ಹೋದರೆ ಬೇಗ ಜಾಸ್ತಿ ಆಗುತ್ತದೆ. ಗುಂಪಿನಲ್ಲಿ ಕೋಸ್ಟರ್ ಹತ್ತದವರು ಒಬ್ಬರಿದ್ದರೆ ಬ್ಯಾಗ್ ಅವರ ಹತ್ತಿರ ಇರಲಿ. ಆದರೆ ಇಡೀ ದಿನ ಅವರನ್ನು ಬ್ಯಾಗ್ ಕಾಯಲು ಕೂರಿಸಬೇಡಿ. ಅವರೂ ಟಿಕೆಟ್ ಕೊಟ್ಟು ಬಂದವರು, ಅಲ್ವಾ? ನೀವು ಕುಂಬಾ ಹತ್ತುವಾಗ ಅವರು ಒರಾಂಗುಟಾನ್ ನೋಡಿಕೊಂಡು ಬರುವ ಹಾಗೆ ಏರ್ಪಾಟು ಮಾಡಿ.

ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಹಚ್ಚಬೇಕು, ಬೆಳಿಗ್ಗೆ ಒಂದು ಸಲ ಹಚ್ಚಿದರೆ ಸಾಲದು. ತೆಳ್ಳಗಿನ ರೇನ್‌ಕೋಟ್ ಒಂದೊಂದು ಇರಲಿ. ಖಾಲಿಯಾದರೆ ಮತ್ತೆ ತುಂಬಿಸಿಕೊಳ್ಳುವ ನೀರಿನ ಬಾಟಲಿಯಂತೂ ಬೇಕೇ ಬೇಕು. ಬಾಯಾರುವ ತನಕ ಕಾಯದೆ ಆಗಾಗ ಕುಡಿಯುತ್ತಿರಿ. ಫ್ಲೋರಿಡಾದ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಸುಸ್ತು ಗೊತ್ತಾಗದ ಹಾಗೆ ಏರುತ್ತದೆ.

ಮೊದಲ ಒಂದೂವರೆ ಗಂಟೆ ಕೋಸ್ಟರ್‌ಗೆ

ಗೇಟ್ ತೆರೆದ ತಕ್ಷಣ ಎಡಕ್ಕೆ, ನೇರ ಐರನ್ ಗ್ವಾಜಿಗೆ ಹೋಗಿ. ದಾರಿಯಲ್ಲಿ ಅಂಗಡಿ, ಫೋಟೋ ಯಾವುದಕ್ಕೂ ನಿಲ್ಲಬೇಡಿ. ಇದು ಮೊಸಳೆಯ ಥೀಮಿನ ಕೋಸ್ಟರ್. 1999ರಿಂದ 2015ರವರೆಗೆ ಇಲ್ಲಿ ಗ್ವಾಜಿ ಅನ್ನುವ ಮರದ ಕೋಸ್ಟರ್ ಇತ್ತು. ಅದರ ಮರದ ಚೌಕಟ್ಟನ್ನು ಬಳಸಿಕೊಂಡು ಮೇಲೆ ಉಕ್ಕಿನ ಹಳಿ ಹಾಕಿ 2022ರ ಮಾರ್ಚ್‌ನಲ್ಲಿ ಹೊಸದಾಗಿ ತೆರೆದರು. 206 ಅಡಿ ಎತ್ತರ, ಗಂಟೆಗೆ 76 ಮೈಲಿ ವೇಗ. ಇಳಿಜಾರು 91 ಡಿಗ್ರಿ, ಅಂದರೆ ನೆಟ್ಟಗೆ ಕೆಳಕ್ಕಿಂತಲೂ ಒಂದು ಚೂರು ಒಳಕ್ಕೆ. ನನ್ನ ಮಟ್ಟಿಗೆ ಈ ಪಾರ್ಕಿನ ಅತ್ಯುತ್ತಮ ರೈಡ್ ಇದೇ. ಆಯ್ಕೆ ಕೊಟ್ಟರೆ ಹಿಂದಿನ ಸಾಲು ಹಿಡಿಯಿರಿ. ಮುಂದಿನ ಬೋಗಿಗಳು ಆಗಲೇ ಕೆಳಗೆ ಬೀಳುತ್ತಾ ಹಿಂದಿನವರನ್ನು ಎಳೆದುಕೊಳ್ಳುವುದರಿಂದ ತುದಿ ದಾಟುವಾಗ ಸೀಟಿನಿಂದ ಎದ್ದುಬಿಟ್ಟೆ ಅನ್ನಿಸುತ್ತದೆ. ಮೊದಲ ಸಲ ಹತ್ತುವವರಿಗೆ ಇದು ಜಾಸ್ತಿ ಆದೀತು, ಅವರು ಮಧ್ಯದಲ್ಲಿ ಕೂರಲಿ.

ಅಲ್ಲಿಂದ ಮುಂದೆ ಸ್ಟ್ಯಾನ್ಲಿವಿಲ್ ಭಾಗ. ಶೀಕ್ರಾ ಇರುವುದು ಇಲ್ಲಿ. ಶಿಕ್ರಾ ಗಿಡುಗ ಬೇಟೆಗೆ ಎರಗುವ ರೀತಿಯನ್ನು ಇಟ್ಟುಕೊಂಡು 2005ರಲ್ಲಿ ಮಾಡಿದ್ದು. 200 ಅಡಿ ಮೇಲೆ ಹೋಗಿ, ತುದಿಯಲ್ಲಿ ಕೆಲವು ಸೆಕೆಂಡ್ ನಿಮ್ಮನ್ನು ಕೆಳಮುಖವಾಗಿ ಹಿಡಿದು ನಿಲ್ಲಿಸಿ, ಆಮೇಲೆ ಬಿಡುತ್ತದೆ. ಒಂದು ಸಾಲಿಗೆ 8 ಸೀಟು, ಮೂರು ಸಾಲು. ಇಲ್ಲಿ ಮಾತ್ರ ಮುಂದಿನ ಸಾಲಿಗಾಗಿ ಹೆಚ್ಚು ಹೊತ್ತು ಕಾದರೂ ಪರವಾಗಿಲ್ಲ, ಯಾಕೆಂದರೆ ಆ ನಿಲ್ಲಿಸುವ ಕ್ಷಣದ ಪೂರ್ತಿ ಅನುಭವ ಅಲ್ಲೇ. ರೈಡಿನ ಕೊನೆಗೆ ನೀರು ಚಿಮ್ಮಿಸುವ ಭಾಗವೊಂದಿದೆ. ಒದ್ದೆಯಾಗುವುದು ಕೋಸ್ಟರಿನಲ್ಲಿ ಕೂತವರಿಗಿಂತ ಹತ್ತಿರ ನಿಂತು ನೋಡುವವರೇ ಜಾಸ್ತಿ, ಹಾಗಾಗಿ ಕ್ಯಾಮೆರಾ ಹಿಡಿದವರು ಸ್ವಲ್ಪ ದೂರ ನಿಲ್ಲಿ.

ಪಕ್ಕದಲ್ಲೇ ಟೈಗ್ರಿಸ್ ಇದೆ. ಚಿಕ್ಕ ರೈಡ್, ಒಂದು ಸಲಕ್ಕೆ ಸ್ವಲ್ಪ ಜನರೇ ಹೋಗುವುದರಿಂದ ಕ್ಯೂ ನಿಧಾನ. ಬೆಳಿಗ್ಗೆ ಖಾಲಿ ಇದ್ದರೆ ಹತ್ತಿ, ಇಲ್ಲದಿದ್ದರೆ ಬಿಟ್ಟರೂ ನಷ್ಟವಿಲ್ಲ.

ಕ್ವಿಕ್ ಕ್ಯೂ ಅಂತ ದುಡ್ಡು ಕೊಟ್ಟು ಬೇಗ ಹೋಗುವ ಸೌಲಭ್ಯ ಇದೆ, ಬೆಲೆ ದಿನದಿಂದ ದಿನಕ್ಕೆ ಬೇರೆ. ವಾರದ ದಿನ, ಜನ ಕಡಿಮೆ ಇರುವ ತಿಂಗಳು, ಗೇಟ್ ತೆರೆಯುವಾಗಲೇ ನೀವು ಅಲ್ಲಿದ್ದೀರಿ ಅಂದರೆ ಅದು ಬೇಡವೇ ಬೇಡ. ರಜೆ ವಾರದಲ್ಲಿ, ಒಂದೇ ದಿನ ಕೈಯಲ್ಲಿದ್ದು ಎಲ್ಲ ಕೋಸ್ಟರ್ ಹತ್ತಲೇಬೇಕು ಅನ್ನುವವರಿಗೆ ಉಪಯೋಗ.

ಆಮೇಲೆ ಪ್ರಾಣಿಗಳು, ನಿಧಾನವಾಗಿ

ಸ್ಟ್ಯಾನ್ಲಿವಿಲ್ ದಾಟಿದರೆ ಜಂಗಾಲಾ. ಹುಲಿಗಳು ಮತ್ತು ಒರಾಂಗುಟಾನ್‌ಗಳು ಇರುವುದು ಇಲ್ಲಿ. 11.30ರ ಒಳಗೆ ತಲುಪಿದರೆ ಇನ್ನೂ ಬಿಸಿಲು ಪೂರ್ತಿ ಏರಿರುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ತುಂಬಾ ಜನ ಪ್ರಾಣಿಗಳ ಜಾಗಕ್ಕೆ ಬರುತ್ತಾರೆ, ಫೋನ್ ಎತ್ತುತ್ತಾರೆ, ಪ್ರಾಣಿ ಕಾಣಲಿಲ್ಲ ಅಂತ ಒಂದೇ ನಿಮಿಷಕ್ಕೆ ಹೊರಡುತ್ತಾರೆ. ಕ್ಯೂನಲ್ಲಿ ನಲವತ್ತು ನಿಮಿಷ ನಿಲ್ಲಲು ತಯಾರಿರುವವರು ಒಂದು ಹುಲಿಗಾಗಿ ಹತ್ತು ನಿಮಿಷ ಕೊಡಬಹುದಲ್ವಾ? ಗಾಜಿನ ಹತ್ತಿರ ಸದ್ದಿಲ್ಲದೆ ನಿಂತು ನೋಡಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಪೊದೆಯ ಪಕ್ಕ ಒಂದು ಕಿವಿ ಅಲುಗುತ್ತದೆ. ಹುಲಿಗೆ ನೀರು ಇಷ್ಟ, ಬಿಸಿಲು ಏರಿದಾಗ ಕೆಲವೊಮ್ಮೆ ತಾನಾಗಿ ನೀರಿಗಿಳಿಯುತ್ತದೆ. ಒರಾಂಗುಟಾನ್ ನೋಡುವಾಗ ಕಣ್ಣು ಮೇಲಿರಲಿ, ಅವು ಮರದ ಮೇಲೆ ಬದುಕುವ ಪ್ರಾಣಿಗಳು, ಹಗ್ಗ ಮತ್ತು ಕಂಬಗಳ ಮೇಲೆಯೇ ಇರುತ್ತವೆ. ಗಾಜು ಬಡಿಯಬೇಡಿ, ಮಕ್ಕಳಿಗೂ ಬಡಿಯಲು ಬಿಡಬೇಡಿ. ದಿನವಿಡೀ ಸಾವಿರಾರು ಕೈಗಳು ಬಡಿದರೆ ಒಳಗಿರುವ ಜೀವಕ್ಕೆ ಹೇಗಾಗಬೇಕು.

ಅಲ್ಲಲ್ಲಿ ಪ್ರಾಣಿ ಪಾಲಕರು ನಿಂತು ಮಾತಾಡುವ ಸಮಯಗಳನ್ನು ಆ ದಿನದ ವೇಳಾಪಟ್ಟಿಯಲ್ಲಿ ಹಾಕಿರುತ್ತಾರೆ. ಇದನ್ನು ತಪ್ಪಿಸಬೇಡಿ. ಪಾಲಕರು ಬಂದಾಗ ಪ್ರಾಣಿಗಳೂ ಹತ್ತಿರ ಬರುವುದು ಜಾಸ್ತಿ, ಎಷ್ಟೋ ಸಲ ಅದೇ ಹೊತ್ತಿಗೆ ತಿಂಡಿಯನ್ನೂ ಕೊಡುತ್ತಾರೆ. ಯಾವ ಪ್ರಾಣಿಯ ಹೆಸರೇನು, ಯಾವುದಕ್ಕೆ ಯಾವುದರ ಜೊತೆ ಆಗಿಬರಲ್ಲ, ಎಲ್ಲ ಹೇಳುತ್ತಾರೆ. ಮಕ್ಕಳಿಗೆ ಪ್ರಶ್ನೆ ಕೇಳಲು ಹೇಳಿ. ಪ್ರಾಣಿ ಪಾಲಕರಿಗೆ ಉತ್ತರಿಸುವುದು ನಿಜವಾಗಿಯೂ ಇಷ್ಟ.

ಪಕ್ಕದ ಕಾಂಗೋ ಭಾಗದಲ್ಲಿ ಕುಂಬಾ ಇದೆ. 1993ರ ಕೋಸ್ಟರ್, ಏಳು ಸಲ ತಲೆಕೆಳಗೆ ಮಾಡುತ್ತದೆ, ಹಳೆಯದಾದರೂ ಇವತ್ತಿಗೂ ಗಟ್ಟಿ ರೈಡ್. ಪಾರ್ಕಿನ ಹಿಂದಿನ ತುದಿಯಲ್ಲಿರುವುದರಿಂದ ಕ್ಯೂ ಸಾಮಾನ್ಯವಾಗಿ ಕಡಿಮೆ. ಊಟಕ್ಕೆ ಮುಂಚೆಯೇ ಹತ್ತಿ, ಊಟ ಆದ ಮೇಲೆ ಬೇಡ.

ಮಧ್ಯಾಹ್ನ

12.30ರಿಂದ 3 ಗಂಟೆವರೆಗಿನ ಹೊತ್ತು ಕಷ್ಟದ್ದು. ಬಿಸಿಲು, ಜನ, ಉದ್ದದ ಕ್ಯೂ ಮೂರೂ ಒಟ್ಟಿಗೆ. ಈ ಹೊತ್ತಿನಲ್ಲಿ ಹಟ ಹಿಡಿದು ದೊಡ್ಡ ಕೋಸ್ಟರ್‌ಗಳ ಹಿಂದೆ ಓಡಬೇಡಿ.

ಕಾಂಗೋದಿಂದ ರೈಲು ಹತ್ತಿ. ಅದು ಸೆರೆಂಗೆಟಿ ಪ್ಲೇನ್ ಅನ್ನುವ 65 ಎಕರೆ ಬಯಲಿನ ಪಕ್ಕದಲ್ಲಿ ಹೋಗುತ್ತದೆ. ಜಿರಾಫೆ, ಜೀಬ್ರಾ, ಘೇಂಡಾಮೃಗ, ಹಲವು ಬಗೆಯ ಜಿಂಕೆಗಳು ಬಯಲಿನಲ್ಲಿ ತಿರುಗಾಡಿಕೊಂಡಿರುತ್ತವೆ. ಕಾಲಿಗೆ ವಿಶ್ರಾಂತಿ, ನೆರಳು, ಪ್ರಾಣಿ ಮೂರೂ ಸಿಗುತ್ತವೆ. ಟಿಕೆಟಿನಲ್ಲೇ ಸೇರಿದೆ. ಅಜ್ಜ ಅಜ್ಜಿ ಜೊತೆಗಿದ್ದರೆ ಅವರಿಗೆ ಈ ರೈಲೇ ದಿನದ ಒಳ್ಳೆಯ ಭಾಗ ಆಗಬಹುದು.

ನೈರೋಬಿ ನಿಲ್ದಾಣದಲ್ಲಿ ಇಳಿದರೆ ಅನಿಮಲ್ ಕೇರ್ ಸೆಂಟರ್ ಹತ್ತಿರ. 2012ರಲ್ಲಿ ತೆರೆದ ಪ್ರಾಣಿ ಆಸ್ಪತ್ರೆ ಇದು. ವೈದ್ಯರು ಪ್ರಾಣಿಗಳನ್ನು ಪರೀಕ್ಷೆ ಮಾಡುವುದನ್ನು ಗಾಜಿನ ಆಚೆ ನಿಂತು ನೋಡಬಹುದು, ಒಳಗೆ ಎಸಿ ಇದೆ. ಹೆಚ್ಚಿನವರು ಇದನ್ನು ದಾಟಿ ಹೋಗುತ್ತಾರೆ, ನನಗಂತೂ ಇಡೀ ಪಾರ್ಕಿನಲ್ಲಿ ಇದಕ್ಕೆ ಸಮಾನವಾದದ್ದು ಇಲ್ಲ. ಒಂದು ಪುಟ್ಟ ಪ್ರಾಣಿಗೆ ಅರಿವಳಿಕೆ ಕೊಟ್ಟು ಹಲ್ಲು ನೋಡುವುದನ್ನು ಕಂಡ ಮಗುವಿಗೆ ಮೃಗಾಲಯ ಅಂದರೆ ಏನು ಕೆಲಸ ಅನ್ನುವುದು ತಾನಾಗಿ ಅರ್ಥವಾಗುತ್ತದೆ. ಆ ದಿನ ಏನು ನಡೆಯುತ್ತದೆ, ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆಯೇ ವಿಚಾರಿಸಿಡಿ, ಕೆಲಸ ಇಲ್ಲದ ಹೊತ್ತಿನಲ್ಲಿ ಹೋದರೆ ಖಾಲಿ ಕೋಣೆ ಕಾಣುತ್ತದೆ.

ಊಟವನ್ನು 11.30ಕ್ಕೋ 2 ಗಂಟೆಯ ಮೇಲೋ ಇಟ್ಟುಕೊಳ್ಳಿ, ಮಧ್ಯದಲ್ಲಿ ಎಲ್ಲ ಕಡೆ ಸಾಲು. ಹೊಟ್ಟೆ ತುಂಬಾ ತಿಂದು ನೇರ ಕೋಸ್ಟರ್‌ಗೆ ಹೋಗಬೇಡಿ. ಪೂರ್ತಿ ಖಾಲಿ ಹೊಟ್ಟೆಯಲ್ಲೂ ತಲೆ ಸುತ್ತುತ್ತದೆ. ಸ್ವಲ್ಪ ತಿಂದು, ಮುಕ್ಕಾಲು ಗಂಟೆ ಬಿಟ್ಟು ಹತ್ತುವುದು ಸರಿ. ವಾಕರಿಕೆ ಬರುವವರು ಮುಂದೆ ದೂರದ ಒಂದು ಕಡೆ ದೃಷ್ಟಿ ಇಟ್ಟುಕೊಳ್ಳಿ, ಗಿರಗಿರ ತಿರುಗುವ ಕೋಬ್ರಾಸ್ ಕರ್ಸ್ ಬಿಟ್ಟುಬಿಡಿ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಕುತ್ತಿಗೆ ಅಥವಾ ಬೆನ್ನುನೋವು ಇರುವವರು ದೊಡ್ಡ ಕೋಸ್ಟರ್‌ಗಳ ಹತ್ತಿರ ಹೋಗಬೇಡಿ. ಬಾಗಿಲಲ್ಲಿ ಹಾಕಿರುವ ಎಚ್ಚರಿಕೆ ಬೋರ್ಡನ್ನು ಓದಿಯೇ ಮುಂದುವರಿಯಿರಿ.

ಮಳೆ ಬಂದರೆ

ಗುಡುಗು ಕೇಳಿದ ಕೂಡಲೇ ಅರ್ಧ ಜನ ಕಾರಿನ ಕಡೆ ಓಡುತ್ತಾರೆ. ನೀವು ಓಡಬೇಡಿ. ಛಾವಣಿ ಇರುವ ಕಡೆ ಕೂತು ಕಾಯಿರಿ, ಒಂದು ಶೋ ಇದ್ದರೆ ನೋಡಿ. ಅಲ್ಲಿನ ಬೇಸಿಗೆ ಮಳೆ ಹೆಚ್ಚಾಗಿ ಬೇಗ ಮುಗಿಯುತ್ತದೆ. ಮಳೆ ನಿಂತು ರೈಡ್‌ಗಳು ಮತ್ತೆ ಶುರುವಾದಾಗ ಜನ ಹೋಗಿರುತ್ತಾರೆ, ನೆಲ ತಂಪಾಗಿರುತ್ತದೆ, ಮಧ್ಯಾಹ್ನ ಮಲಗಿದ್ದ ಪ್ರಾಣಿಗಳೂ ಎದ್ದು ಓಡಾಡಲು ಶುರು ಮಾಡುತ್ತವೆ. ದಿನದ ಎರಡನೇ ಬೆಳಗು ಸಿಕ್ಕಂತೆ. 335 ಅಡಿ ಎತ್ತರದಿಂದ ಮುಖ ಕೆಳಗೆ ಮಾಡಿ ಬೀಳಿಸುವ ಫಾಲ್ಕನ್ಸ್ ಫ್ಯೂರಿ ಮಾತ್ರ ಗಾಳಿ ಜೋರಿದ್ದರೆ ಮಳೆ ನಿಂತ ಮೇಲೂ ಮುಚ್ಚಿರಬಹುದು. ಅದರ ಆಸೆ ಇರುವವರು ಹವೆ ಶಾಂತವಾಗಿದ್ದಾಗಲೇ ಹತ್ತಿಬಿಡಿ.

ಸಂಜೆ: ಮಾಂಟು, ಸಿಂಹ, ಚೀತಾ

3 ಗಂಟೆ ಮೇಲೆ ಈಜಿಪ್ಟ್ ಭಾಗಕ್ಕೆ ಬನ್ನಿ. ಮಾಂಟು 1996ರದು, ಹಳಿ ತಲೆಯ ಮೇಲಿರುತ್ತದೆ, ಇದೂ ಏಳು ಸಲ ತಿರುಗಿಸುತ್ತದೆ. ಕೋಬ್ರಾಸ್ ಕರ್ಸ್ ಇದರ ನೆರೆಯಲ್ಲೇ. ಮೊದಲ ಸಲ ದೊಡ್ಡ ಕೋಸ್ಟರ್ ಹತ್ತುವ ಮಕ್ಕಳಿಗೆ ಅದು ಒಳ್ಳೆಯ ಶುರು.

ಅಲ್ಲಿಂದ ನಡೆದೇ ಎಡ್ಜ್ ಆಫ್ ಆಫ್ರಿಕಾ. ಸಿಂಹ, ಕತ್ತೆಕಿರುಬ, ಮೀರ್‌ಕ್ಯಾಟ್, ನೀರಾನೆ ಎಲ್ಲ ಒಂದೇ ಕಾಲುದಾರಿಯಲ್ಲಿ. ಸಿಂಹ ದಿನದ ಬಹುಪಾಲು ಮಲಗಿಯೇ ಕಳೆಯುವ ಪ್ರಾಣಿ, ಅದರಲ್ಲಿ ಪಾರ್ಕಿನ ತಪ್ಪೇನೂ ಇಲ್ಲ. ಬಿಸಿಲು ಇಳಿದ ಮೇಲೆ ಬಂದರೆ ಎದ್ದಿರುವ ಸಾಧ್ಯತೆ ಜಾಸ್ತಿ. ನೀರಾನೆಯನ್ನು ನೀರಿನ ಮಟ್ಟದ ಗಾಜಿನ ಹತ್ತಿರ ನೋಡಿ. ದಡದಲ್ಲಿ ಬಂಡೆಯಂತೆ ಕಾಣುವ ಆ ದೇಹ ನೀರಿನೊಳಗೆ ನೆಲವನ್ನು ಮೆತ್ತಗೆ ತುಳಿದುಕೊಂಡು ನಡೆಯುತ್ತದೆ.

ಗೊರಿಲ್ಲಾ, ಚಿಂಪಾಂಜಿ ಇರುವ ಮಯೋಂಬೆ ರಿಸರ್ವ್ ಗೇಟಿನಿಂದ ದೂರವಿಲ್ಲ. ಗೊರಿಲ್ಲಾವನ್ನು ದಿಟ್ಟಿಸಿ ನೋಡಬೇಡಿ, ಅವುಗಳಿಗೆ ಅದು ಬೆದರಿಕೆ. ಪಕ್ಕಕ್ಕೆ ತಿರುಗಿ, ಕೂತುಕೊಂಡು, ಆಗೊಮ್ಮೆ ಈಗೊಮ್ಮೆ ನೋಡಿ. ಪ್ರಾಣಿಗಳನ್ನು ರಾತ್ರಿ ಮನೆಗೆ ಕರೆದುಕೊಳ್ಳುವುದು ಪಾರ್ಕ್ ಮುಚ್ಚುವುದಕ್ಕಿಂತ ಮೊದಲು, ಆದ್ದರಿಂದ ಎಷ್ಟು ಗಂಟೆಗೆ ಒಳಗೆ ಹೋಗುತ್ತವೆ ಅಂತ ಸಿಬ್ಬಂದಿಯನ್ನು ಕೇಳಿಕೊಂಡು ಸಂಜೆಯ ಕ್ರಮ ಹಾಕಿಕೊಳ್ಳಿ.

ಕೈಯಲ್ಲಿ ಸ್ವಲ್ಪ ಹೆಚ್ಚು ದುಡ್ಡಿದ್ದು ಒಂದೇ ಒಂದಕ್ಕೆ ಖರ್ಚು ಮಾಡಬಹುದು ಅಂದರೆ ಕ್ವಿಕ್ ಕ್ಯೂ ಬಿಟ್ಟು ಸೆರೆಂಗೆಟಿ ಸಫಾರಿ ತಗೊಳ್ಳಿ. ತೆರೆದ ಟ್ರಕ್ಕಿನಲ್ಲಿ ಬಯಲಿನೊಳಗೆ ಕರೆದುಕೊಂಡು ಹೋಗುತ್ತಾರೆ, ಜಿರಾಫೆಗೆ ಕೈಯಾರೆ ಸೊಪ್ಪು ತಿನ್ನಿಸಬಹುದು. ಅದರ ಉದ್ದನೆಯ ಕಪ್ಪು ನಾಲಿಗೆ ಕೈಯಿಂದ ಎಲೆ ಎಳೆದುಕೊಳ್ಳುವುದನ್ನು ಯಾವ ಮಗುವೂ ಮರೆಯಲ್ಲ. ಜಾಗ ಬೇಗ ತುಂಬುವುದರಿಂದ ಮೊದಲೇ ಬುಕ್ ಮಾಡಿ. ತೀರಾ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ, ವಯಸ್ಸಿನ ಮಿತಿ ನೋಡಿಕೊಳ್ಳಿ.

ಕೊನೆಗೆ ಚೀತಾ ಹಂಟ್. 2011ರದು, 4,429 ಅಡಿ ಉದ್ದ, ಮೂರು ಸಲ ಮುಂದಕ್ಕೆ ಚಿಮ್ಮಿಸುತ್ತದೆ, ಗಂಟೆಗೆ 60 ಮೈಲಿವರೆಗೆ ಹೋಗುತ್ತದೆ. ಹತ್ತುವ ಮೊದಲು ಪಕ್ಕದಲ್ಲೇ ಇರುವ ಚೀತಾಗಳ ಅಂಗಳಕ್ಕೆ ಹೋಗಿ ಬನ್ನಿ. ನಿಜವಾದ ಚೀತಾ ಓಡುವ ವೇಗವೂ ಹೆಚ್ಚು ಕಡಿಮೆ ಅಷ್ಟೇ, ಅದೂ ಹಳಿ ಇಲ್ಲದೆ, ನಾಲ್ಕು ಕಾಲಲ್ಲಿ. ಆದರೆ ಆ ಓಟ ಕೆಲವು ನೂರು ಮೀಟರಿಗೆ ಮುಗಿದುಹೋಗುತ್ತದೆ, ಆಮೇಲೆ ಅದು ಸುಸ್ತಾಗಿ ಕೂರಲೇಬೇಕು. ಇದನ್ನು ಮಕ್ಕಳಿಗೆ ಮೊದಲೇ ಹೇಳಿ ಕೋಸ್ಟರ್ ಹತ್ತಿಸಿದರೆ ಅವರು ಅದನ್ನು ಬೇರೆಯೇ ರೀತಿ ಅನುಭವಿಸುತ್ತಾರೆ.

ಮುಚ್ಚುವ ಸಮಯಕ್ಕೆ ಇಪ್ಪತ್ತು ನಿಮಿಷ ಇರುವಾಗ ಶಕ್ತಿ ಉಳಿದಿದ್ದರೆ ಐರನ್ ಗ್ವಾಜಿಗೆ ಇನ್ನೊಮ್ಮೆ ಹೋಗಿ, ಆಗ ಕ್ಯೂ ಕರಗಿರುತ್ತದೆ. ಸಾಮಾನ್ಯವಾಗಿ ಮುಚ್ಚುವ ಮೊದಲು ಕ್ಯೂ ಸೇರಿದವರನ್ನು ಹತ್ತಿಸಿಯೇ ಕಳಿಸುತ್ತಾರೆ. ಮಕ್ಕಳು ಸುಸ್ತಾಗಿದ್ದರೆ ಅದನ್ನು ಬಿಟ್ಟು ಅರ್ಧ ಗಂಟೆ ಮೊದಲೇ ಹೊರಡಿ, ಯಾಕೆಂದರೆ ಮುಚ್ಚಿದ ಮೇಲೆ ಟ್ರಾಮ್‌ಗೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ನಿದ್ದೆ ಮಾಡುವ ಮಗುವನ್ನು ಎತ್ತಿಕೊಂಡು ಆ ಸಾಲಿನಲ್ಲಿ ನಿಲ್ಲುವುದು ಕಷ್ಟ.